ಹೊಗೆಯ ಪರೀಕ್ಷೆಯಲ್ಲಿ ಸೋತ ಹಳೆಯ ವಾಹನ

ಪರ್ವತದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ವಿದ್ಯಾರ್ಥಿಗೆ ಮೊದಲ ಪಾಠ. ಮೋಟಾರು ವಾಹನದಲ್ಲಿ ಬೆಂಕಿಯಿರುವುದು ಸಿದ್ಧವಾದ ಸಂಗತಿ. ಅದು ಹೇಗೆ ಉರಿಯುತ್ತಿದೆಯೆಂಬುದನ್ನು ಮಾತ್ರ ಹೊಗೆಯಿಂದ ಅರಿಯಬೇಕಾಗಿದೆ. ಆದರೆ ಇಲ್ಲಿ ಅತ್ಯಂತ ಘಾತುಕವಾದ ಅನಿಲವು ಕಣ್ಣಿಗೆ ಕಾಣುವಂಥದಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಶಾಲೆ ಬಿಡುವ ಹೊತ್ತಿನಲ್ಲಿ ಎಂಜಿನ್ ಆರಿಸದೆ ಬಾಗಿಲ ಮುಂದೆ ನಿಂತ ವಾಹನಗಳ ಹೊಗೆಯ ಕೊಳವೆಗೆ ದೊಡ್ಡವರ ಮುಖಕ್ಕಿಂತ ಮಕ್ಕಳ ಮುಖವೇ ಸಮೀಪ. ಆದಕಾರಣ ತಪಾಸಣೆಯ ಪ್ರಮಾಣಪತ್ರವನ್ನು ಪೊಲೀಸರಿಗೆ ತೋರಿಸಲಿಕ್ಕಿರುವ ಕಾಗದವೆಂದಷ್ಟೇ ಬಗೆಯುವುದು ಯುಕ್ತವಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದು ಈ ಮಿತಿಗಳನ್ನು ವಿಧಿಸುತ್ತದೆ. ಭಾರತ್ ಸ್ಟೇಜ್ ಎರಡಕ್ಕೂ ಹಿಂದಿನ ಪೆಟ್ರೋಲ್ ಕಾರು ನಿಂತಲ್ಲೇ ಓಡುತ್ತಿರುವಾಗ ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಶೇಕಡ 3ನ್ನೂ, ಉರಿಯದೆ ಉಳಿದ ಹೈಡ್ರೋಕಾರ್ಬನ್ನು ಹತ್ತು ಲಕ್ಷದಲ್ಲಿ 1500 ಭಾಗವನ್ನೂ ಮೀರಬಾರದು. ಮೀರಿದರೆ ತಿರಸ್ಕಾರದ ಚೀಟಿಯನ್ನು ಕೊಡಬೇಕೆಂದು 2021ರಲ್ಲಿ ಗೊತ್ತುಮಾಡಲಾಯಿತು. ಅನೇಕರು ಆ ಚೀಟಿಯನ್ನು ಅವಮಾನವೆಂದೆಣಿಸಿ ಹರಿದೆಸೆಯುತ್ತಾರೆ. ವಾಸ್ತವವಾಗಿ ರೋಗದ ನಿದಾನವೆಲ್ಲ ಅದರಲ್ಲಿಯೇ ಇದೆ.

ಎರಡು ಅಂಕಿಗಳನ್ನೂ ಕೂಡಿಸಿ ಓದಬೇಕು. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಚೀಟಿಯಲ್ಲಿ ಮಾನಾಕ್ಸೈಡು ಶೇಕಡ 5 ಇದ್ದು, ಹೈಡ್ರೋಕಾರ್ಬನ್ನು ಮಿತಿಯ ಆಸುಪಾಸಿನಲ್ಲಿದ್ದರೆ ಗಾಳಿ ಸಾಲದು, ಇಲ್ಲವೆ ಇಂಧನ ಹೆಚ್ಚಾಗಿದೆಯೆಂದು ತಿಳಿಯಬೇಕು. ಮೊದಲು ಏರ್ ಫಿಲ್ಟರನ್ನು ಬಿಚ್ಚಿ ನೋಡುವುದು ಲೇಸು. ಧೂಳು ಕಟ್ಟಿದ ಫಿಲ್ಟರು ಮೂಗು ಮುಚ್ಚಿದಂತೆಯೇ ಸರಿ. ಬಳಿಕ ಚೋಕ್ ಪೂರ್ಣವಾಗಿ ತೆರೆಯುತ್ತಿದೆಯೇ ಎಂಬುದನ್ನು ನೋಡಬೇಕು. ಅದರ ತಂತಿ ತುಕ್ಕು ಹಿಡಿದು ಅರ್ಧಕ್ಕೆ ನಿಂತಿರುವುದು ಹಳೆಯ ವಾಹನಗಳಲ್ಲಿ ಅಪರೂಪವಲ್ಲ. ಆಮೇಲೆ ಕಾರ್ಬ್ಯುರೇಟರಿನ ಫ್ಲೋಟು ಮತ್ತು ಸೂಜಿ. ಸೂಜಿಯ ತುದಿ ಸವೆದರೆ ಬಟ್ಟಲಲ್ಲಿ ಪೆಟ್ರೋಲಿನ ಮಟ್ಟ ಏರಿ, ಬೇಡವೆಂದರೂ ಒಳಗೆ ಹರಿಯುತ್ತದೆ. ಇಷ್ಟಾದ ಮೇಲೆ ಮಾತ್ರ ಮಿಶ್ರಣದ ತಿರುಪಿಗೆ ಕೈಯಿಕ್ಕಬೇಕು.

ತಿರುಪನ್ನೇ ಮೊದಲು ತಿರುಗಿಸುವವರು ಬಹಳ. ಕೆಲವು ಕಾರ್ಬ್ಯುರೇಟರುಗಳಲ್ಲಿ ಆ ತಿರುಪು ಗಾಳಿಯನ್ನು ಅಳೆಯುತ್ತದೆ, ಕೆಲವುಗಳಲ್ಲಿ ಇಂಧನವನ್ನು. ಒಂದರಲ್ಲಿ ಒಳಕ್ಕೆ ತಿರುಗಿಸಿದರೆ ಮಿಶ್ರಣ ದಟ್ಟವಾಗುತ್ತದೆ, ಮತ್ತೊಂದರಲ್ಲಿ ತೆಳುವಾಗುತ್ತದೆ. ಅತಿಯಾಗಿ ತೆಳುಮಾಡಿದರೆ ಕಿಡಿ ತಾಗಿದರೂ ಮಿಶ್ರಣ ಹೊತ್ತದೆ ಹಾಗೆಯೇ ಹೊರಬೀಳುತ್ತದೆ. ಮಾನಾಕ್ಸೈಡು ಇಳಿಯಿತೆಂದು ಹಿಗ್ಗುವಷ್ಟರಲ್ಲಿ ಹೈಡ್ರೋಕಾರ್ಬನ್ನು ಏರಿರುತ್ತದೆ. ಪರೀಕ್ಷೆಗೆಂದು ತಿರುಪನ್ನು ಬಿಗಿದು, ಚೀಟಿ ಕೈಸೇರಿದ ಮೇಲೆ ಮೊದಲಿನಂತೆ ಸಡಿಲಿಸುವ ಚಮತ್ಕಾರವೊಂದುಂಟು. ಅದನ್ನು ವಿದ್ಯೆಯೆಂದು ಕರೆಯಲಾಗದು. ಕಾರ್ಬ್ಯುರೇಟರಿನ ಮರ್ಮವನ್ನು ಕಿವಿಯಿಂದಲೇ ಅರಿಯಬಲ್ಲ ಮೆಕ್ಯಾನಿಕ್ಕುಗಳು ಈಗ ವಿರಳ. ಅಂಥವರ ಕಾಯಕಕ್ಕೆ ತಕ್ಕ ಕೂಲಿ ಕೊಡಲು ಹಿಂಜರಿಯಬಾರದು.

ಇದಕ್ಕೆ ವಿಪರೀತವಾಗಿ, ಮಾನಾಕ್ಸೈಡು ಶೇಕಡ 1ರಷ್ಟಿದ್ದು ಹೈಡ್ರೋಕಾರ್ಬನ್ನು 2500ಕ್ಕೆ ಹೋಗಿದ್ದರೆ ದೋಷವನ್ನು ಕಿಡಿಯ ಕಡೆ ಹುಡುಕಬೇಕು. ಸವೆದ ಪ್ಲಗ್ಗು, ಬಿರುಕು ಬಿಟ್ಟ ಪ್ಲಗ್ಗಿನ ತಂತಿ, ಸುಟ್ಟ ಪಾಯಿಂಟು, ತಪ್ಪಿದ ಟೈಮಿಂಗು, ಇವು ಮುಖ್ಯ ಕಾರಣಗಳು. ಸೇವನಾಳದ ಗ್ಯಾಸ್ಕೆಟ್ಟಿನ ಸಂದಿನಿಂದ ಕಳ್ಳಗಾಳಿ ಒಳನುಗ್ಗಿದರೂ ಮಿಶ್ರಣ ತೆಳುವಾಗಿ ಇದೇ ಫಲ ಬರುತ್ತದೆ. ಟ್ಯಾಪೆಟ್ಟು ಬಿಗಿಯಾಗಿ ವಾಲ್ವು ಪೂರ್ತಿ ಮುಚ್ಚದಿದ್ದರೂ ಹಾಗೆಯೇ. ಕಿಡಿಯ ದೋಷಗಳಿಗೆ ಖರ್ಚು ಅಲ್ಪ. ಪ್ಲಗ್ಗನ್ನು ಬಿಚ್ಚಿ ಅದರ ಮುಖವನ್ನು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಮಸಿ ಒಣಗಿ ಕಪ್ಪಾಗಿದ್ದರೆ ಇಂಧನ ಹೆಚ್ಚು, ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗು ಸವೆದಿದೆ ಅಥವಾ ವಾಲ್ವಿನ ಸೀಲು ಹೋಗಿದೆ, ತೆಳು ಕಂದಾಗಿದ್ದರೆ ಉರಿ ಸಮವಾಗಿದೆ. ನೀಲಿ ಹೊಗೆಯೂ ಎಣ್ಣೆ ಉರಿಯುವುದರ ಲಕ್ಷಣವೇ.

ಎಥೆನಾಲ್ ಬೆರೆತ ಪೆಟ್ರೋಲು ಈಚಿನ ಮತ್ತೊಂದು ಕಾರಣ. ಶೇಕಡ 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಎಥೆನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಹಳೆಯ ರಬ್ಬರು ಕೊಳವೆಗಳು ಉಬ್ಬಿ ಬಿರಿಯುವ ಸಂಭವವೂ ಉಂಟು. ಅವುಗಳನ್ನು ಬೆಂಕಿಯ ಭಯದಿಂದಲಾದರೂ ಬದಲಾಯಿಸಬೇಕು.

ಪುನಃ ಪರೀಕ್ಷೆಗೆ ಹೋಗುವ ಮುನ್ನ ಎಂಜಿನ್ ಎಣ್ಣೆಯನ್ನು ಬದಲಿಸುವುದೊಳಿತು. ಪೆಟ್ರೋಲು ಬೆರೆತು ನೀರಾದ ಎಣ್ಣೆಯ ಆವಿಯೂ ಅಂಕಿಗಳನ್ನು ಏರಿಸುತ್ತದೆ. ವಾಹನವನ್ನು ಎಂಟು ಹತ್ತು ಕಿಲೋಮೀಟರು ಓಡಿಸಿ, ಎಂಜಿನ್ ಬಿಸಿಯಾಗಿರುವಾಗಲೇ ಅಳೆಯಿಸಬೇಕು. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಾಳಿ ಬೆರೆತು ಅಂಕಿ ಸುಳ್ಳಾಗಿ ಇಳಿಯುತ್ತದೆ, ಆದ್ದರಿಂದ ಅದನ್ನು ಮೊದಲು ಮುಚ್ಚಿಸಬೇಕು. ಇಷ್ಟಾದರೂ ಸೋತರೆ ಸಿಲಿಂಡರಿನ ಕಂಪ್ರೆಷನ್ ಅಳತೆ ಮಾಡಿಸಬೇಕು. ಅದು ಸರಿಯಿದ್ದರೆ ಕಾರ್ಬ್ಯುರೇಟರಿನ ಜೆಟ್ಟು, ಸೂಜಿಗಳನ್ನು ಹೊಸದಾಗಿ ಹಾಕಿಸುವುದು. ಕುಸಿದಿದ್ದರೆ ಎಂಜಿನ್ನನ್ನೇ ಬಿಚ್ಚಿಸುವುದು.