ಮನೆಯ ವ್ಯಾಜ್ಯಕ್ಕೆ ವಕೀಲರನ್ನು ಗೊತ್ತು ಮಾಡುವ ಮುನ್ನ
ಗಡಿಭಾಗದ ಜತ್ತ ತಾಲ್ಲೂಕಿನ ಕನ್ನಡ ಕುಟುಂಬಗಳಿಗೆ ಎಂಟು ಹೆಜ್ಜೆಗಳ ಕೈಪಿಡಿ

ಸಂಖ, ಉಮದಿ, ಮಾಡಗ್ಯಾಳದ ಕಡೆ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ‘ಆ ವಕೀಲರು ದೇವರಂಥವರು, ಮಗಳ ಬಾಳು ಉಳಿಸಿದರು’ ಅನ್ನುತ್ತಾರೆ. ಇನ್ನೊಬ್ಬರು ಅದೇ ವಕೀಲರ ಹೆಸರೆತ್ತಿದರೆ ‘ರೊಕ್ಕ ತಗೊಂಡ್ರು, ಆಮೇಲೆ ಫೋನ್ ಎತ್ತಲಿಲ್ಲ’ ಎಂದು ನೊಂದುಕೊಳ್ಳುತ್ತಾರೆ. ಎರಡೂ ನಿಜವಿರಬಹುದು. ಇಂಥ ದೂರುಗಳಲ್ಲಿ ಕೇಸು ಸೋತ ನೋವಿಗಿಂತ ಹೆಚ್ಚಾಗಿ ಕೇಳುವುದು ಮೂರು ಮಾತು: ಒಟ್ಟು ಫೀ ಎಷ್ಟೆಂದು ಮೊದಲೇ ಹೇಳಲಿಲ್ಲ, ತಾರೀಖು ತಿಳಿಸಲಿಲ್ಲ, ಸಹಿ ಮಾಡಿದ ಕಾಗದದಲ್ಲಿ ಏನಿತ್ತೋ ಗೊತ್ತಾಗಲಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಜತ್ತದಲ್ಲಿ ಇನ್ನೆರಡು ತೊಡಕುಗಳಿವೆ. ಕೋರ್ಟಿನ ವ್ಯವಹಾರ ಮರಾಠಿಯಲ್ಲಿ. ಬೀಗತನವೋ ಅಥಣಿ, ಇಂಡಿ, ವಿಜಯಪುರದವರೆಗೆ ರಾಜ್ಯದ ಗಡಿ ದಾಟಿ ಹಬ್ಬಿದೆ. ಇವನ್ನೆಲ್ಲ ಮೊದಲ ಭೇಟಿಯಲ್ಲೇ ಇತ್ಯರ್ಥ ಮಾಡಿಕೊಂಡರೆ ಮುಂದಿನ ಕಷ್ಟ ಬಹುಪಾಲು ತಪ್ಪುತ್ತದೆ.

1. ಬೇಕಾಗಿರುವುದೇನು, ಬರೆದಿಟ್ಟುಕೊಳ್ಳಿ

‘ಕೇಸು ಹಾಕಬೇಕು’ ಎಂದಷ್ಟೇ ಹೇಳಿದರೆ ಸಾಲದು. ಗಂಡ ಖರ್ಚಿಗೆ ಕೊಡುತ್ತಿಲ್ಲವೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿ ಜೀವನಾಂಶ ಕೇಳಬಹುದು. 2024ರ ಜುಲೈ 1ಕ್ಕೆ ಮೊದಲು ಇದು ಹಳೆಯ ಸಂಹಿತೆಯ 125ನೇ ಕಲಂ ಆಗಿತ್ತು. ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕಿದ ಪ್ರಸಂಗವಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಈ ಎರಡೂ ಪರಿಹಾರ ಎಲ್ಲ ಧರ್ಮದವರಿಗೂ ಉಂಟು. ವಿಚ್ಛೇದನ ಬೇರೆಯೇ ದಾರಿ. ಲಿಂಗಾಯತ, ಜೈನ ಕುಟುಂಬಗಳಿಗೂ ಹಿಂದೂ ವಿವಾಹ ಕಾಯ್ದೆಯೇ ಅನ್ವಯ.

ಒಂದು ಎಚ್ಚರಿಕೆ: ಊರ ಹಿರಿಯರ ಮುಂದೆ ಬಾಂಡ್ ಪೇಪರಿನ ಮೇಲೆ ಬರೆದು, ನೋಟರಿ ಮಾಡಿಸಿದ ಸೋಡಚೀಟಿಯಿಂದ ವಿಚ್ಛೇದನ ಆಗುವುದಿಲ್ಲ. ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದಲೂ ಇದೆಯೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಅದನ್ನು ನಂಬಿ ಮರುಮದುವೆಯಾದವರು ದೊಡ್ಡ ಸಂಕಟಕ್ಕೆ ಸಿಲುಕುತ್ತಾರೆ.

2. ಯಾವ ಊರಿನ ಕೋರ್ಟು, ತೀರ್ಮಾನಿಸಿ

ಗಡಿಭಾಗದವರು ಅವಸರ ಮಾಡಬಾರದ ಹೆಜ್ಜೆ ಇದು. ಮದುವೆ ನಡೆದ ಊರು, ಎದುರುದಾರರು ಈಗ ಇರುವ ಊರು, ದಂಪತಿ ಕೊನೆಗೆ ಒಟ್ಟಿಗಿದ್ದ ಊರು, ಇವುಗಳಲ್ಲಿ ಯಾವುದರ ವ್ಯಾಪ್ತಿಯ ಕೋರ್ಟಿನಲ್ಲಾದರೂ ವಿಚ್ಛೇದನದ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಅಂದರೆ ಅಥಣಿಗೆ ಕೊಟ್ಟ ಮಗಳು ಜತ್ತದ ತವರಿನಲ್ಲಿದ್ದರೆ ಕರ್ನಾಟಕದ ಕೋರ್ಟಿಗೆ ಅಲೆಯಬೇಕಿಲ್ಲ.

ಇದನ್ನು ಯೋಚಿಸದೆ ಬೇರೆ ರಾಜ್ಯದಲ್ಲಿ ಅರ್ಜಿ ಹಾಕಿದರೆ ಮುಂದೆ ತೊಂದರೆ. ಒಂದು ರಾಜ್ಯದ ಕೋರ್ಟಿನಿಂದ ಇನ್ನೊಂದು ರಾಜ್ಯದ ಕೋರ್ಟಿಗೆ ಕೇಸು ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿನದು. ವಿಜಯಪುರದ ಕೇಸನ್ನು ಸಾಂಗ್ಲಿ ಜಿಲ್ಲೆಗೆ ತರಬೇಕೆಂದರೂ ದಿಲ್ಲಿಗೇ ಅರ್ಜಿ ಹೋಗಬೇಕು.

ಮೇಲ್ಮನವಿಯ ಹಾದಿ ಮಾತ್ರ ಈಗ ಹತ್ತಿರವಾಗಿದೆ. ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಪೀಠ 2025ರ ಆಗಸ್ಟ್‌ನಲ್ಲಿ ಆರಂಭವಾಗಿದ್ದು, ಸಾಂಗ್ಲಿ ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ.

3. ಉಚಿತ ವಕೀಲರಿಗೆ ಅರ್ಹರೇ, ನೋಡಿ

ಸಾಲ ಮಾಡಿ ಫೀ ಕಟ್ಟುವ ಮೊದಲು ಇದನ್ನು ವಿಚಾರಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟಿದ್ದರೂ ಉಚಿತ ವಕೀಲರಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಸಾಂಗ್ಲಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ರಾಷ್ಟ್ರೀಯ ಸಹಾಯವಾಣಿ 15100. ಹೀಗೆ ನೇಮಕವಾದ ವಕೀಲರು ನಿಮ್ಮಿಂದ ಹಣ ಪಡೆಯುವಂತಿಲ್ಲ. ಕೇಳಿದರೆ ಪ್ರಾಧಿಕಾರಕ್ಕೇ ದೂರು ಕೊಡಿ.

ಖಾಸಗಿ ವಕೀಲರನ್ನೇ ನೇಮಿಸಿಕೊಂಡರೂ ಒಂದು ವಿಷಯ ನೆನಪಿರಲಿ: ಮಹಾರಾಷ್ಟ್ರದಲ್ಲಿ ಜೀವನಾಂಶ, ವಿಚ್ಛೇದನದಂಥ ಪ್ರಕರಣಗಳಿಗೆ ಮಹಿಳೆಯರು ಕೋರ್ಟ್ ಶುಲ್ಕ ಕಟ್ಟಬೇಕಿಲ್ಲ. 1994ರಿಂದ ಈ ವಿನಾಯಿತಿ ಇದೆ.

4. ಜನರ ಮಾತನ್ನು ತೂಗಿ ನೋಡಿ

‘ಒಳ್ಳೆಯ ವಕೀಲರು’ ಎಂದವರನ್ನು ಬಿಡಿಸಿ ಕೇಳಿ. ನಿಮ್ಮದು ಯಾವ ಕೇಸು? ಎಷ್ಟು ವರ್ಷ ನಡೆಯಿತು? ತಾರೀಖಿನ ದಿನ ಅವರೇ ಬರುತ್ತಿದ್ದರೋ, ಕಿರಿಯರನ್ನು ಕಳಿಸುತ್ತಿದ್ದರೋ? ಜಮೀನಿನ ದಾವೆಯಲ್ಲಿ ಹೆಸರು ಮಾಡಿದವರಿಗೆ ಮಕ್ಕಳ ಪಾಲನೆಯ ಪ್ರಕರಣದ ಅನುಭವ ಇಲ್ಲದಿರಬಹುದು.

ಇಬ್ಬರು ಮೂವರನ್ನು ಕಂಡು ಮಾತನಾಡಿ. ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯಬಲ್ಲವರು ಸಿಕ್ಕರೆ ಅರ್ಧ ಭಾರ ಇಳಿದಂತೆ. ‘ಒಂದೇ ತಿಂಗಳಲ್ಲಿ ವಿಚ್ಛೇದನ ಕೊಡಿಸುತ್ತೇನೆ’ ಎನ್ನುವವರಿಂದ ದೂರವಿರಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ದಂಪತಿ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕೆಂದು ಹಿಂದೂ ವಿವಾಹ ಕಾಯ್ದೆ ಹೇಳುತ್ತದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಈ ಆರು ತಿಂಗಳನ್ನು ಮನ್ನಾ ಮಾಡಲು ಅವಕಾಶವಿದೆ. ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ವಕೀಲರ ಕೈಯಲ್ಲಿಲ್ಲ.

5. ಫೀ ಮಾತು ಬರಹದಲ್ಲಿರಲಿ

ಒಟ್ಟು ಎಷ್ಟು? ತಾರೀಖಿಗೊಮ್ಮೆ ಕೊಡಬೇಕೋ, ಹಂತ ಹಂತವಾಗಿಯೋ? ಟೈಪಿಂಗ್, ನಕಲು, ಓಡಾಟದ ಖರ್ಚು ಅದರಲ್ಲೇ ಸೇರಿದೆಯೋ? ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಪ್ರತಿ ಸಲವೂ ರಸೀದಿ ಪಡೆಯಿರಿ, ಇಲ್ಲವೇ ಫೋನ್‌ಪೇಯಂಥ ದಾಖಲೆ ಉಳಿಯುವ ದಾರಿಯಲ್ಲಿ ಕೊಡಿ. ‘ಸಿಕ್ಕ ಜೀವನಾಂಶದಲ್ಲಿ ಇಷ್ಟು ಪಾಲು ನನಗೆ’ ಎಂಬ ಒಪ್ಪಂದವನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸುತ್ತದೆ.

6. ಕಾಗದ ಕೂಡಿಸಿ, ಓದಿಸಿಕೊಂಡೇ ಸಹಿ ಮಾಡಿ

ಲಗ್ನಪತ್ರಿಕೆ, ಮದುವೆಯ ಫೋಟೊ, ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿಗಳನ್ನು ಜೋಡಿಸಿಕೊಳ್ಳಿ. ಜೀವನಾಂಶದ ಪ್ರಕರಣದಲ್ಲಿ ಆದಾಯದ ಪುರಾವೆಯೇ ಮುಖ್ಯ. ಸಂಬಳದ ಚೀಟಿ ಇಲ್ಲದ ರೈತ ಮನೆತನವಾದರೆ ಸಾತಬಾರಾ ಉತಾರ, ಕಾರ್ಖಾನೆಯ ಕಬ್ಬಿನ ಬಿಲ್ಲು, ಡೇರಿಯ ಹಾಲಿನ ಲೆಕ್ಕ ಉಪಯೋಗಕ್ಕೆ ಬರುತ್ತವೆ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಹೇಳಿದೆ. ಕೃಷಿಕರಿಗೆ ಬೇರೆಯೇ ನಮೂನೆ ಇದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂದೂ ಅದೇ ತೀರ್ಪು ಹೇಳುತ್ತದೆ.

ಮೂಲ ಕಾಗದ ನಿಮ್ಮಲ್ಲೇ ಇರಲಿ, ವಕೀಲರಿಗೆ ಝೆರಾಕ್ಸ್ ಕೊಡಿ. ಮರಾಠಿಯ ಅರ್ಜಿಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳದೆ ಸಹಿ ಮಾಡಬೇಡಿ. ಖಾಲಿ ಕಾಗದಕ್ಕಂತೂ ಬೇಡವೇ ಬೇಡ. ವಕೀಲರ ಮುಂದೆ ಯಾವುದನ್ನೂ ಮುಚ್ಚಿಡಬೇಡಿ. ನೀವು ಹೇಳಿದ್ದನ್ನು ಗುಟ್ಟಾಗಿಡಲು ಕಾನೂನೇ ಅವರನ್ನು ಕಟ್ಟಿಹಾಕಿದೆ.

7. ತಾರೀಖಿನ ಮೇಲೆ ನೀವೇ ಕಣ್ಣಿಡಿ

ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಪಡೆಯಿರಿ. ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದಿನ ತಾರೀಖಿನಂದು ಏನಾಯಿತೆಂಬುದು ತೆರೆದುಕೊಳ್ಳುತ್ತದೆ. ಕಬ್ಬು ಕಡಿಯಲು ತಿಂಗಳುಗಟ್ಟಲೆ ಊರು ಬಿಡುವವರು ಹೊರಡುವ ಮೊದಲೇ ವಕೀಲರಿಗೆ ತಿಳಿಸಿ, ಹೊಸ ಫೋನ್ ನಂಬರು ಕೊಟ್ಟು ಹೋಗಬೇಕು. ಗೈರುಹಾಜರಾದರೆ ಏಕಪಕ್ಷೀಯ ಆದೇಶ ಆಗಬಹುದು. ಅಂಥ ಡಿಕ್ರಿಯನ್ನು ರದ್ದುಪಡಿಸಲು ಅರ್ಜಿ ಹಾಕುವ ಅವಧಿ ಸಾಮಾನ್ಯವಾಗಿ 30 ದಿನ ಮಾತ್ರ.

8. ಹೊಂದದಿದ್ದರೆ ವಕೀಲರನ್ನು ಬದಲಿಸಿ

ಮೊದಲು ಮುಖಾಮುಖಿ ಮಾತನಾಡಿ. ಕೆಲಸದ ಒತ್ತಡದಿಂದ ಆದ ತಡಕ್ಕೂ ಬೇಕೆಂದೇ ಮಾಡಿದ ಉಪೇಕ್ಷೆಗೂ ವ್ಯತ್ಯಾಸವಿದೆ. ಸರಿಹೋಗದಿದ್ದರೆ ವಕಾಲತ್ತು ಹಿಂಪಡೆದು ಬೇರೆಯವರಿಗೆ ಕೊಡುವ ಹಕ್ಕು ನಿಮ್ಮದು. ಅದಕ್ಕೆ ಕೋರ್ಟಿನ ಅನುಮತಿ ಪಡೆಯಬೇಕು. ಫೀ ಬಾಕಿ ಇದೆಯೆಂದು ಕೇಸಿನ ಕಾಗದಗಳನ್ನು ತಡೆಹಿಡಿಯುವ ಹಕ್ಕು ವಕೀಲರಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ವಕೀಲರೇ ನಡುವೆ ಬಿಟ್ಟರೆ, ಮಾಡದ ಕೆಲಸದ ಫೀ ಮರಳಿಸಬೇಕೆಂಬುದು ಬಾರ್ ಕೌನ್ಸಿಲ್ ನಿಯಮ.

ದುರ್ನಡತೆ ನಡೆದಿದ್ದರೆ ಮುಂಬಯಿಯಲ್ಲಿರುವ ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್‌ಗೆ ವಕೀಲರ ಕಾಯ್ದೆಯ 35ನೇ ಕಲಂ ಅಡಿ ದೂರು ಕೊಡಬಹುದು. ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ಉಪಯೋಗವಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಕೇಸು ಸೋತ ಮಾತ್ರಕ್ಕೆ ಅದು ದುರ್ನಡತೆಯಾಗದು. ದೂರಿಗೆ ರಸೀದಿ, ಸಂದೇಶ, ಕೋರ್ಟಿನ ದಾಖಲೆಗಳ ಆಧಾರ ಬೇಕು.

ಮನೆ ಮುರಿಯುವ ಹೊತ್ತಿನಲ್ಲಿ ಕಾಗದಪತ್ರದ ಕಡೆ ಮನಸ್ಸು ಹೋಗುವುದು ಕಷ್ಟ. ಅದಕ್ಕೇ ಓದುಬರಹ ಬಲ್ಲ ಅಣ್ಣನೋ ಅಕ್ಕನೋ ಪಕ್ಕದ ಮನೆಯವರೋ ಜೊತೆಗೆ ಹೋಗಬೇಕು. ನಿಮ್ಮೂರಿನಲ್ಲಿ ಇಂಥ ಸಂಕಟದಲ್ಲಿರುವ ಹೆಣ್ಣುಮಗಳಿದ್ದರೆ ಈ ಪುಟವನ್ನು ಅವಳಿಗೆ ಓದಿ ಹೇಳಿ, 15100 ನಂಬರನ್ನು ಅವಳ ಫೋನಿನಲ್ಲಿ ಬರೆದುಕೊಡಿ.