ಆಪ್ಷನ್ ವ್ಯವಹಾರ: ಕೊಳ್ಳುವವನ ಹಕ್ಕು, ಮಾರುವವನ ಹೊಣೆ

ಸಂಚಕಾರ ಪತ್ರದ ವ್ಯವಹಾರ ವ್ಯಾಪಾರಸ್ಥರಿಗೆ ಹೊಸತಲ್ಲ. ನಿವೇಶನವನ್ನೋ ಯಂತ್ರವನ್ನೋ ಗೊತ್ತುಪಡಿಸಿದ ದರಕ್ಕೆ, ಗೊತ್ತುಪಡಿಸಿದ ಅವಧಿಯೊಳಗೆ ಕೊಳ್ಳುವುದಾಗಿ ಮುಂಗಡ ಕೊಟ್ಟು ಕರಾರು ಮಾಡಿಕೊಳ್ಳುವುದು ರೂಢಿ. ಷೇರು ಪೇಟೆಯ ಆಪ್ಷನ್ ಕರಾರು ಹೊರನೋಟಕ್ಕೆ ಇದನ್ನೇ ಹೋಲುತ್ತದೆಯಾದರೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಸಂಚಕಾರದಲ್ಲಿ ಎರಡೂ ಪಕ್ಷದವರು ಕರಾರಿಗೆ ಬದ್ಧರು. ಆಪ್ಷನ್‌ನಲ್ಲಿ ಮಾರಿದವನು ಮಾತ್ರ ಬದ್ಧ, ಕೊಂಡವನಿಗೆ ಇರುವುದು ಕೇವಲ ಹಕ್ಕು. ಸಂಚಕಾರದ ಹಣ ಕೊನೆಗೆ ಬೆಲೆಯಲ್ಲಿ ವಜಾ ಆಗುತ್ತದೆ; ಆಪ್ಷನ್‌ಗೆ ತೆತ್ತ ಪ್ರೀಮಿಯಂ ಆ ಹಕ್ಕಿನ ಬೆಲೆಯೇ ಆದುದರಿಂದ ಅದು ವಜಾ ಆಗುವುದಿಲ್ಲ. ಈ ಎರಡು ಅಂಶಗಳನ್ನು ಗ್ರಹಿಸಿದರೆ ಉಳಿದುದನ್ನು ತಿಳಿಯುವುದು ಕಷ್ಟವಲ್ಲ.

ಭಾರತದಲ್ಲಿ ಈ ವ್ಯವಹಾರಕ್ಕೆ ಡಾ. ಎಲ್. ಸಿ. ಗುಪ್ತಾ ಸಮಿತಿಯ 1998ರ ವರದಿ ತಳಹದಿಯಾಯಿತು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ 2001ರ ಜೂನ್‌ನಲ್ಲಿ ಸೂಚ್ಯಂಕ ಆಪ್ಷನ್‌ಗಳೂ ಅದೇ ವರ್ಷದ ಜುಲೈನಲ್ಲಿ ಬಿಡಿ ಕಂಪನಿಗಳ ಷೇರುಗಳ ಆಪ್ಷನ್‌ಗಳೂ ಆರಂಭವಾದವು.

ಕಾಲ್ ಆಪ್ಷನ್

ನಿಗದಿತ ದರಕ್ಕೆ ಕೊಳ್ಳುವ ಹಕ್ಕಿಗೆ ಕಾಲ್ ಎಂದು ಹೆಸರು. ಆ ದರವೇ ಸ್ಟ್ರೈಕ್ ದರ. ಕಂಪನಿಯೊಂದರ ಷೇರು ಪೇಟೆಯಲ್ಲಿ 1,000 ರೂಪಾಯಿಗೆ ದೊರೆಯುತ್ತಿದೆ ಎಂದು ಭಾವಿಸಿದರೆ, ಹೂಡಿಕೆದಾರನೊಬ್ಬ 1,050 ರೂಪಾಯಿ ಸ್ಟ್ರೈಕ್ ದರದ ಕಾಲ್ ಆಪ್ಷನ್ ಅನ್ನು ಷೇರೊಂದಕ್ಕೆ 20 ರೂಪಾಯಿ ಪ್ರೀಮಿಯಂ ತೆತ್ತು ಕೊಳ್ಳಬಹುದು. ವ್ಯವಹಾರ ಲಾಟ್ ಲೆಕ್ಕದಲ್ಲಿ ನಡೆಯುತ್ತದೆ. ಲಾಟ್ 600 ಷೇರುಗಳದ್ದಾದರೆ ಅವನು ತೆರುವ ಹಣ 12,000 ರೂಪಾಯಿ.

ಅವಧಿ ಮುಗಿಯುವ ದಿನ ಷೇರು 1,110 ರೂಪಾಯಿ ತಲುಪಿದ್ದರೆ ಹಕ್ಕಿನ ಬೆಲೆ 60 ರೂಪಾಯಿ. ಪ್ರೀಮಿಯಂ ಕಳೆದು ಷೇರೊಂದಕ್ಕೆ 40 ರೂಪಾಯಿಯಂತೆ 24,000 ರೂಪಾಯಿ ಲಾಭ. ಷೇರು 1,060 ರೂಪಾಯಿಗೆ ನಿಂತರೆ 6,000 ರೂಪಾಯಿ ನಷ್ಟ. 1,050 ಅಥವಾ ಅದಕ್ಕಿಂತ ಕೆಳಗಿದ್ದರೆ ಪೂರ್ತಿ 12,000 ರೂಪಾಯಿ ನಷ್ಟ. ಅಂದರೆ ಷೇರಿನ ಬೆಲೆ ಏರುವುದೆಂಬ ಎಣಿಕೆ ನಿಜವಾದರೂ ಸಾಲದು. ಅದು ಅವಧಿಯೊಳಗೆ 1,070 ರೂಪಾಯಿ ದಾಟಬೇಕು. ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಪುಟ್ ಆಪ್ಷನ್

ನಿಗದಿತ ದರಕ್ಕೆ ಮಾರುವ ಹಕ್ಕೇ ಪುಟ್. ಇದರ ಸಹಜ ಉಪಯೋಗ ವಿಮೆಯಂತೆ. ಅದೇ ಕಂಪನಿಯ 600 ಷೇರುಗಳನ್ನು ಇಟ್ಟುಕೊಂಡವನು ಬೆಲೆ ಕುಸಿಯಬಹುದೆಂಬ ಭಯದಿಂದ 950 ರೂಪಾಯಿ ದರದ ಪುಟ್ ಅನ್ನು 15 ರೂಪಾಯಿಗೆ ಕೊಂಡರೆ ವೆಚ್ಚ 9,000 ರೂಪಾಯಿ. ಷೇರು 800 ರೂಪಾಯಿಗೆ ಇಳಿದರೂ ಅವನು 950ರಂತೆ ಮಾರಬಲ್ಲ. ಪುಟ್ ಇಲ್ಲದಿದ್ದಲ್ಲಿ 1,20,000 ರೂಪಾಯಿ ಆಗಬಹುದಾಗಿದ್ದ ನಷ್ಟ ಪ್ರೀಮಿಯಂ ಸೇರಿ 39,000 ರೂಪಾಯಿಗೆ ನಿಲ್ಲುತ್ತದೆ. ಬೆಲೆ ಇಳಿಯದಿದ್ದರೆ 9,000 ರೂಪಾಯಿ, ಬೆಂಕಿ ಬೀಳದ ಗೋದಾಮಿಗೆ ಕಟ್ಟಿದ ವಿಮಾ ಕಂತಿನಂತೆ, ಖರ್ಚಾಗಿ ಹೋಗುತ್ತದೆ.

ಪ್ರೀಮಿಯಂ ಏರಿಳಿತ

ಪೇಟೆಯ ಬೆಲೆ, ಸ್ಟ್ರೈಕ್ ದರ, ಉಳಿದಿರುವ ದಿನಗಳು, ಬೆಲೆಯ ಏರಿಳಿತದ ತೀವ್ರತೆ ಮತ್ತು ಬಡ್ಡಿ ದರಗಳು ಪ್ರೀಮಿಯಂ ಅನ್ನು ನಿರ್ಧರಿಸುವ ಮುಖ್ಯ ಅಂಶಗಳು. ಇವುಗಳಲ್ಲಿ ಕಾಲ ಎಂದಿಗೂ ಕೊಂಡವನ ಪರವಲ್ಲ. ಉಳಿದ ಅಂಶಗಳು ಬದಲಾಗದಿದ್ದರೂ ದಿನ ಕಳೆದಂತೆ ಪ್ರೀಮಿಯಂ ಕರಗುತ್ತದೆ. ಕೊನೆಯ ದಿನಗಳಲ್ಲಿ ಕರಗುವ ವೇಗ ಸಾಮಾನ್ಯವಾಗಿ ಇನ್ನೂ ಹೆಚ್ಚು.

ಮಾರುವವನ ಸ್ಥಿತಿ

ಪ್ರೀಮಿಯಂ ಕೈಗೆ ಬರುವುದರಿಂದ ಆಪ್ಷನ್ ಮಾರುವುದು ಸುಲಭ ಸಂಪಾದನೆಯೆಂದು ತೋರುತ್ತದೆ. ಮೇಲಿನ ಕಾಲ್ ಅನ್ನು ಮಾರಿದವನಿಗೆ ಸಿಗುವ ಗರಿಷ್ಠ ಲಾಭ 12,000 ರೂಪಾಯಿ. ಷೇರು 1,200ಕ್ಕೆ ಏರಿದರೆ ಅವನಿಗಾಗುವ ನಷ್ಟ 78,000 ರೂಪಾಯಿ. ಬೆಲೆ ಏರುವುದಕ್ಕೆ ಮಿತಿಯಿಲ್ಲದ ಕಾರಣ, ಷೇರು ಕೈಯಲ್ಲಿಲ್ಲದೆ ಕಾಲ್ ಮಾರಿದವನ ನಷ್ಟಕ್ಕೂ ಮಿತಿಯಿಲ್ಲ. ಆದುದರಿಂದಲೇ ಅವನಿಂದ ಮಾರ್ಜಿನ್ ಹಣ ಪಡೆಯಲಾಗುತ್ತದೆ.

ಕೊಂಡವನೂ ಒಂದು ನಿಯಮವನ್ನು ಮರೆಯಬಾರದು. 2019ರ ಅಕ್ಟೋಬರ್‌ನಿಂದ ಕಂಪನಿ ಷೇರುಗಳ ಎಲ್ಲ ಆಪ್ಷನ್‌ಗಳೂ ಷೇರುಗಳನ್ನೇ ಕೊಟ್ಟು ಪಡೆಯುವ ಮೂಲಕ ಇತ್ಯರ್ಥವಾಗುತ್ತವೆ. ಮೇಲಿನ ಉದಾಹರಣೆಯಲ್ಲಿ ಲಾಭದಲ್ಲಿರುವ ಕಾಲ್ ಅನ್ನು ಅವಧಿಗೆ ಮೊದಲೇ ಮಾರದಿದ್ದರೆ 600 ಷೇರುಗಳಿಗೆ 6,30,000 ರೂಪಾಯಿ ತೆರಬೇಕಾಗುತ್ತದೆ. 12,000 ರೂಪಾಯಿ ಮಾತ್ರ ಹೊಂದಿಸಿಕೊಂಡವನಿಗೆ ಇದು ದೊಡ್ಡ ಇಕ್ಕಟ್ಟು.

ಅಂಕಿ ಅಂಶಗಳ ಎಚ್ಚರಿಕೆ

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಮಿಕ್ಕಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ. ಅದೇ ವರ್ಷದ ನವೆಂಬರ್‌ನಿಂದ ಸೂಚ್ಯಂಕ ಕರಾರುಗಳ ಕನಿಷ್ಠ ಮೌಲ್ಯವನ್ನು 5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಅಂಗಡಿಯ ದುಡಿಯುವ ಬಂಡವಾಳವನ್ನು ಈ ಪೇಟೆಗೆ ತಿರುಗಿಸುವ ಮುನ್ನ ವ್ಯಾಪಾರಸ್ಥರು ಈ ಅಂಕಿಗಳನ್ನು ಪರಿಶೀಲಿಸುವುದು ಅಗತ್ಯ.

ಉದ್ಯಮಿಗೆ ಇದರ ಪ್ರಯೋಜನ

ಆಪ್ಷನ್‌ನ ನಿಜವಾದ ಉಪಯೋಗ ವ್ಯಾಪಾರದಲ್ಲಿ ಈಗಾಗಲೇ ಇರುವ ಅಪಾಯವನ್ನು ತಗ್ಗಿಸುವುದರಲ್ಲಿದೆ. ಸಿದ್ಧ ಉಡುಪು ರಫ್ತು ಮಾಡುವ ಘಟಕವೊಂದಕ್ಕೆ ಮೂರು ತಿಂಗಳ ನಂತರ 50,000 ಡಾಲರ್ ಬರಬೇಕಾಗಿದೆ ಎನ್ನೋಣ. 90 ರೂಪಾಯಿ ದರದ ಡಾಲರ್ ಪುಟ್‌ಗೆ ಡಾಲರೊಂದಕ್ಕೆ 80 ಪೈಸೆ ಪ್ರೀಮಿಯಂ ಇದ್ದರೆ ವೆಚ್ಚ 40,000 ರೂಪಾಯಿ. ಡಾಲರ್ 87ಕ್ಕೆ ಇಳಿದರೆ ಪುಟ್‌ನಿಂದ 1,50,000 ರೂಪಾಯಿ ದೊರೆತು ರಫ್ತಿನ ಕೊರತೆ ತುಂಬುತ್ತದೆ. 92ಕ್ಕೆ ಏರಿದರೆ ಪುಟ್ ಬಿಟ್ಟು, ಏರಿದ ದರದಲ್ಲಿಯೇ ಡಾಲರ್ ಮಾರಬಹುದು. ಫಾರ್ವರ್ಡ್ ಕರಾರಿನಲ್ಲಿ ಸಾಮಾನ್ಯವಾಗಿ ಪ್ರೀಮಿಯಂ ಇಲ್ಲ, ಆದರೆ ಏರಿಕೆಯ ಲಾಭವೂ ಇಲ್ಲ. ವಿನಿಮಯ ಕೇಂದ್ರಗಳ ವಿದೇಶಿ ಕರೆನ್ಸಿ ಆಪ್ಷನ್‌ಗಳಲ್ಲಿ ತೊಡಗುವವರಿಗೆ ಇಂಥ ನೈಜ ವಹಿವಾಟು ಇರಲೇಬೇಕೆಂಬುದನ್ನು ರಿಸರ್ವ್ ಬ್ಯಾಂಕ್ 2024ರಲ್ಲಿ ಸ್ಪಷ್ಟಪಡಿಸಿತು.

ಗಮನಿಸಬೇಕಾದ ಅಂಶಗಳು

ಆಪ್ಷನ್ ಕೊಳ್ಳುವ ಮೊದಲು ಯಾವ ನಷ್ಟದಿಂದ ರಕ್ಷಣೆ ಬೇಕಾಗಿದೆ ಎಂಬುದನ್ನು ಕಾಗದದ ಮೇಲೆ ಬರೆದು ಲೆಕ್ಕ ಹಾಕಬೇಕು. ಪ್ರೀಮಿಯಂ ಪೂರ್ತಿ ಹೋದರೂ ಸರಕು ಖರೀದಿಗೆ, ಕೂಲಿ ಪಾವತಿಗೆ ತೊಂದರೆಯಾಗಬಾರದು. ದಲ್ಲಾಳಿ ಶುಲ್ಕ ಹಾಗೂ ತೆರಿಗೆಗಳನ್ನು ಲೆಕ್ಕದಲ್ಲಿ ಸೇರಿಸಬೇಕು. ಷೇರಾಗಲಿ ಸರಕಾಗಲಿ ಕೈಯಲ್ಲಿಲ್ಲದೆ ಕಾಲ್ ಮಾರುವ ಗೋಜಿಗೆ ಸಣ್ಣ ಬಂಡವಾಳದವರು ಹೋಗದಿರುವುದು ಲೇಸು.