ಕೇಳದೆ ಸೇರಿದ ಮನೆ

ಹಾಲು ಉಕ್ಕಿಸಿದ ದಿನ ಪಾತ್ರೆ ತೊಳೆಯಲು ನಲ್ಲಿಯಲ್ಲಿ ನೀರಿರಲಿಲ್ಲ. 2024ರ ಮಾರ್ಚ್ ಮೊದಲ ವಾರ. ಬೆಂಗಳೂರಿನ ಮಲ್ಲೇಶ್ವರದ ಹೊಸ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಕಟ್ಟು ಬಿಚ್ಚದ ಡಬ್ಬಗಳ ನಡುವೆ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೆಳಗಿಳಿದು ಹೋಗಿ ಕೇಳಿದರೆ ವಾಚ್‌ಮನ್, "ಬೋರ್ ನಿಂತು ಹದಿನೈದು ದಿನ ಆಯ್ತು ಮೇಡಂ, ಟ್ಯಾಂಕರ್ ಸಾಯಂಕಾಲಕ್ಕೆ ಬರುತ್ತೆ" ಅಂದರು.

ತಿಂಗಳಿಗೆ 58,000 ರೂಪಾಯಿ ಬಾಡಿಗೆ. ಆರು ತಿಂಗಳ ಅಡ್ವಾನ್ಸ್ ಎಂದು 3,48,000 ಕೊಟ್ಟಿದ್ದೆವು. ಮನೆ ನೋಡಲು ಮೂರು ಸಲ ಬಂದಿದ್ದೆವು. ಬೆಳಕು ಎಲ್ಲಿಂದ ಬೀಳುತ್ತದೆ, ದೇವರ ಮನೆ ಯಾವ ದಿಕ್ಕಿಗಿದೆ, ಅಡುಗೆಕಟ್ಟೆ ನನ್ನ ಎತ್ತರಕ್ಕೆ ಸರಿಹೋಗುತ್ತದೆಯೇ ಎಂದೆಲ್ಲ ನೋಡಿದ್ದೆವು. ನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ. ಇಷ್ಟು ಬಾಡಿಗೆಯ ಜಾಗದಲ್ಲಿ ಅಂಥದ್ದನ್ನೆಲ್ಲ ಕೇಳುವುದು ಹೇಗೆ ಎಂಬ ಸಂಕೋಚ. ಆ ಒಂದು ಸಂಕೋಚಕ್ಕೆ ನಾವು ಎರಡು ವರ್ಷದಲ್ಲಿ ತೆತ್ತದ್ದು ಬಹಳ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೆಂಗೇರಿ ಉಪನಗರದಲ್ಲಿ ಹದಿನಾಲ್ಕು ವರ್ಷ ಇದ್ದವರು ನಾವು. ಬಚ್ಚಲಲ್ಲಿ ಜಾರಿಬಿದ್ದು ಅತ್ತೆಯ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ನಂತರ ಡಾಕ್ಟರು, ದಿನಾ ನಡೆಯಲೇಬೇಕು, ಕೂತರೆ ಕೂತೇ ಬಿಡುತ್ತಾರೆ ಅಂದರು. ಅತ್ತೆಯ ತಂಗಿಯ ಮನೆ ಮಲ್ಲೇಶ್ವರದ ಹನ್ನೊಂದನೇ ಕ್ರಾಸಿನಲ್ಲಿದೆ. ನಡೆದು ಹೋಗುವಷ್ಟು ಹತ್ತಿರದಲ್ಲಿ ಒಡಹುಟ್ಟಿದವರಿದ್ದರೆ ಅತ್ತೆ ನಡೆದಾರು ಎಂದುಕೊಂಡೆವು. ನಮ್ಮಿಬ್ಬರ ಸಂಬಳದಲ್ಲಿ ಒಬ್ಬರದು ಹೆಚ್ಚುಕಡಿಮೆ ಬಾಡಿಗೆಗೇ ಹೋಗುತ್ತದೆ ಎಂದು ಗೊತ್ತಿದ್ದೇ ಬಂದೆವು.

ನೀರಿನ ವಿಷಯಕ್ಕೆ ಬರುತ್ತೇನೆ. ಒಂದೇ ಒಂದು ಹಳೆಯ ಮನೆಯಿದ್ದ ನಿವೇಶನದಲ್ಲಿ ಈಗ ಹದಿನಾರು ಮನೆಗಳು ಎದ್ದಿವೆ. ಕಾವೇರಿ ಸಂಪರ್ಕ ಇನ್ನೂ ಬಂದಿರಲಿಲ್ಲ, ಎಲ್ಲರೂ ಒಂದೇ ಕೊಳವೆಬಾವಿಯನ್ನು ನಂಬಿದ್ದೆವು. ಆ ಬೇಸಿಗೆಯಲ್ಲಿ ಊರಿಡೀ ಬೋರ್‌ಗಳು ಒಣಗಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್‌ನವರು ಬಾಯಿಗೆ ಬಂದ ದರ ಹೇಳುತ್ತಿದ್ದಾಗ ಜಿಲ್ಲಾಡಳಿತ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ. ಆ ದರಕ್ಕೆ ನಮ್ಮ ಗೇಟಿಗೆ ಟ್ಯಾಂಕರ್ ಬಂದದ್ದು ಎರಡೇ ಸಲ. ಮಿಕ್ಕ ದಿನ ಅವರು ಕೇಳಿದಷ್ಟು ಕೊಟ್ಟೆವು, ಅದನ್ನು ಮೇಂಟೆನೆನ್ಸಿನ ಮೇಲೆ ಹಂಚಿದರು. ಸಂಜೆ ನಾನು ಅತ್ತೆಯನ್ನು ಸ್ಯಾಂಕಿ ಕೆರೆಯ ಕಡೆ ಕರೆದುಕೊಂಡು ಹೋಗುತ್ತಿದ್ದೆ. 1882ರಲ್ಲಿ ಊರಿನ ನೀರಿಗೆಂದೇ ಕಟ್ಟಿಸಿದ ಕೆರೆ ಅದು. ಅದರ ದಡದಲ್ಲಿ ನಡೆದು ಬಂದು ಮನೆಯಲ್ಲಿ ಬಕೆಟ್ ಎಣಿಸುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮ ಕುಡಿಯುವ ನೀರು ಸುಮಾರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯ ಕಾವೇರಿ ಪಂಪ್ ಕೇಂದ್ರದಿಂದ ಮೇಲೇರಿ ಬರಬೇಕು. ಅದು ಬಾರದಿದ್ದರೆ ಎಷ್ಟು ಬಾಡಿಗೆ ಕೊಟ್ಟರೂ ನಲ್ಲಿಯಲ್ಲಿ ಬರುವುದು ಗಾಳಿಯೇ.

ಮುಂದೆ ನಮ್ಮ ಕಟ್ಟಡಕ್ಕೂ ಕಾವೇರಿ ಬಂತು. ಆದರೆ ಅಷ್ಟರಲ್ಲಿ ನಾನು ಕಲಿತ ಪ್ರಶ್ನೆಗಳನ್ನು ಈಗ ಮನೆ ಹುಡುಕುವ ಎಲ್ಲರಿಗೂ ಹೇಳುತ್ತೇನೆ. ಕಾವೇರಿ ಸಂಪರ್ಕ ಇದೆಯೇ, ಇದ್ದರೆ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬಿಡುತ್ತಾರೆ? ಸಂಪು ಎಷ್ಟು ಲೀಟರಿನದು? ಕಳೆದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದರು? ಕಟ್ಟಡಕ್ಕೆ ಓಸಿ (ವಾಸಯೋಗ್ಯ ಪ್ರಮಾಣಪತ್ರ) ಸಿಕ್ಕಿದೆಯೇ? ಇವನ್ನು ಬ್ರೋಕರನ್ನು ಕೇಳಬೇಡಿ, ವಾಚ್‌ಮನ್ ಹತ್ತಿರ ನಿಂತು ಐದು ನಿಮಿಷ ಮಾತಾಡಿ. ಮೋಟಾರ್ ಸ್ವಿಚ್ ಹಾಕುವವರು ಅವರೇ, ನೀರಿನ ಲೆಕ್ಕ ಅವರ ಬಾಯಲ್ಲಿರುತ್ತದೆ.

ಕರಾರು ಪತ್ರದ ವಿಷಯದಲ್ಲೂ ಹಾಗೇ ಆಯಿತು. ಹನ್ನೊಂದು ತಿಂಗಳಿಗೇ ಯಾಕೆ ಬರೆಯುತ್ತಾರೆ ಎಂದು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲು ಈ ಹನ್ನೊಂದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮೀರಬಾರದು ಎನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ, ನಾವು ಕೊಟ್ಟದ್ದು ಆರು. ಕೆಂಗೇರಿಯ ಮನೆ ಬಿಡುವಾಗ ಓನರ್ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡದ್ದಲ್ಲದೆ, ನಾವು ಬರುವ ಮೊದಲೇ ಇದ್ದ ಗೋಡೆಯ ತೇವಕ್ಕೂ ಹಣ ಮುರಿದರು. ನಮ್ಮ ಬಳಿ ಹಳೆಯ ಫೋಟೊ ಒಂದೂ ಇರಲಿಲ್ಲ. ಈ ಮನೆಗೆ ಬಂದ ದಿನವೇ ಪ್ರತಿ ಗೋಡೆ, ನಲ್ಲಿ, ಬೀಗದ ಫೋಟೊ ತೆಗೆದು ಓನರಿಗೂ ಕಳಿಸಿದೆವು. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ ನಮಗೆ ಯಾರೂ ಹೇಳಿರಲಿಲ್ಲ. ತಿಂಗಳ ಬಾಡಿಗೆ 50,000 ದಾಟಿದರೆ ಬಾಡಿಗೆದಾರರೇ ಅದರಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಾವು ಸೇರಿದಾಗ ಅದು ಶೇ 5 ಇತ್ತು, 2024ರ ಅಕ್ಟೋಬರ್‌ನಿಂದ ಶೇ 2 ಆಯಿತು. ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ, ಇಲ್ಲವೇ ಮನೆ ಬಿಡುವ ತಿಂಗಳಲ್ಲಿ ಹಿಡಿದರೆ ಸಾಕು, ಇಬ್ಬರ ಪಾನ್ ಸಂಖ್ಯೆ ಇದ್ದರೆ ಆಗುತ್ತದೆ. ಓನರ್ ವಿದೇಶದಲ್ಲಿ ನೆಲೆಸಿದವರಾದರೆ ನಿಯಮವೇ ಬೇರೆ, ದರ ಶೇ 30ಕ್ಕೂ ಹೆಚ್ಚು. ಮಕ್ಕಳ ಬಳಿ ಅಮೆರಿಕಕ್ಕೆ ಹೋಗಿ ನೆಲೆಸಿದ ಓನರುಗಳು ಮಲ್ಲೇಶ್ವರದಲ್ಲಿ ಬೇಕಾದಷ್ಟಿದ್ದಾರೆ. ಮುಂಗಡ ಕೊಡುವ ಮೊದಲೇ ಇದನ್ನು ಕೇಳಿಕೊಳ್ಳಿ.

ಇಷ್ಟಾದರೂ ಬಂದದ್ದು ತಪ್ಪಾಯಿತು ಎಂದು ನನಗೆ ಒಂದು ದಿನವೂ ಅನಿಸಲಿಲ್ಲ. 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ಗಾಳಿ ಬೆಳಕಿನಲ್ಲಿ ಬದುಕಲೆಂದು ಹಾಕಿದ ಬಡಾವಣೆ ಇದು. ನೇರ ಕ್ರಾಸುಗಳು, ಸಂಪಿಗೆಯ ಹೆಸರಿನ ಒಂದು ರಸ್ತೆ, ಬೇವಿನ ಹೆಸರಿನ ಇನ್ನೊಂದು. ಮೊದಲ ತಿಂಗಳು ಅತ್ತೆ ವಾಕರ್ ಹಿಡಿದು ನಮ್ಮ ಕ್ರಾಸಿನ ಮೂಲೆಯವರೆಗೆ ಹೋಗುತ್ತಿದ್ದರು. ಆಮೇಲೆ ಕೋಲು ಸಾಕಾಯಿತು. ಎಂಟನೇ ಕ್ರಾಸಿನ ಮಾರ್ಕೆಟ್ಟಿನಲ್ಲಿ ಹೂವಿನವರು ಅವರಿಗೆಂದೇ ಒಂದು ಮಣೆ ಇಡುತ್ತಾರೆ. ಅಲ್ಲಿ ಕೂತು ಅವರೆಕಾಯಿ ಸೊಗಡು ನೋಡಿ, ಬೆಲೆ ಕೇಳಿ, ಎದ್ದು ತಂಗಿಯ ಮನೆಗೆ ಹೋಗುತ್ತಾರೆ. ಕಾರ್ತಿಕದಲ್ಲಿ ಕಾಡು ಮಲ್ಲೇಶ್ವರನ ಕಡಲೆಕಾಯಿ ಪರಿಷೆಗೆ ಅಕ್ಕತಂಗಿಯರಿಬ್ಬರೇ ಹೋಗಿಬಂದರು. ನಮಗೆ ಗೊತ್ತಾದದ್ದು ಸೆರಗಿನ ಗಂಟಿನಿಂದ ಕಡಲೆಕಾಯಿ ಸುರಿದಾಗ. ಫುಟ್‌ಪಾತಿನ ಚಪ್ಪಡಿ ಎಲ್ಲಿ ಅಲ್ಲಾಡುತ್ತದೆ, ಮರದ ಬೇರು ಎಲ್ಲಿ ಎದ್ದಿದೆ ಎಂಬುದು ಈಗ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಲಿಫ್ಟಿನ ಚೀಟಿಯನ್ನು ಮೊದಲು ಗಮನಿಸಿದವರೂ ಅವರೇ. ಬಾಗಿಲ ಪಕ್ಕ, ಮನೆಕೆಲಸದವರು ಮತ್ತು ಸಾಮಾನು ತಲುಪಿಸುವವರು ಮೆಟ್ಟಿಲು ಬಳಸಬೇಕು ಎಂದು ಅಂಟಿಸಿದ್ದರು. ನಾನು ದಿನಾ ಅದರ ಪಕ್ಕವೇ ನಿಂತು ಗುಂಡಿ ಒತ್ತುತ್ತಿದ್ದೆ, ಓದಿರಲಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವವರು ರೈಲು ಹಳಿಯಾಚೆಯ ಶ್ರೀರಾಮಪುರದಿಂದ ನಡೆದು ಬರುತ್ತಾರೆ. ಐವತ್ತು ದಾಟಿದವರು. ಇದೇ ಕಟ್ಟಡದಲ್ಲಿ ನಾಲ್ಕು ಮನೆ ಮಾಡುತ್ತಾರೆ. ಒಂದು ದಿನ ಅವರು ಏದುಸಿರು ಬಿಡುತ್ತಾ ಬಾಗಿಲಲ್ಲಿ ಕೂತದ್ದನ್ನು ನೋಡಿ ಅತ್ತೆ ನನ್ನನ್ನು ಒಳಗೆ ಕರೆದು, "ಅವಳಿಗೂ ಮೊಣಕಾಲಿದೆಯಲ್ಲಮ್ಮ" ಅಂದರು.

ಬಾಡಿಗೆದಾರಳಾದ ನನಗೆ ಅಸೋಸಿಯೇಷನ್ ಸಭೆಯಲ್ಲಿ ಮತವಿಲ್ಲ. ಓನರಿಗೆ ಫೋನ್ ಮಾಡಿದೆ, ಆಮೇಲೆ ಕಾಗದದಲ್ಲೇ ಬರೆದುಕೊಟ್ಟೆ. ಎರಡು ಮನೆಯವರು ನನ್ನ ಮುಖ ನೋಡುವುದನ್ನು ಬಿಟ್ಟರು, ಮೂರು ಮನೆಯವರು ಸಹಿ ಹಾಕಿದರು. ಆ ಚೀಟಿ ಯಾವ ಸಭೆಯ ತೀರ್ಮಾನವೂ ಆಗಿರಲಿಲ್ಲ ಎಂಬುದು ವಿಚಾರಿಸಿದಾಗಲೇ ಹೊರಬಿದ್ದದ್ದು. ಯಾರೋ ಅಂಟಿಸಿದ್ದರು, ಯಾರೂ ಕೇಳಿರಲಿಲ್ಲ. ಐದು ತಿಂಗಳ ಮೇಲೆ ಅದನ್ನು ಕಿತ್ತರು. ಈಗ ನಮ್ಮ ಮನೆಕೆಲಸದವರು ಲಿಫ್ಟಿನಲ್ಲೇ ಬರುತ್ತಾರೆ.

ನಿಮ್ಮ ಕಟ್ಟಡದ ಲಿಫ್ಟಿನ ಪಕ್ಕದಲ್ಲೂ ಇಂಥ ಚೀಟಿ ಇದ್ದರೆ, ದಯವಿಟ್ಟು ಇವತ್ತೇ ಕೇಳಿ, ಅದನ್ನು ಅಂಟಿಸಿದವರು ಯಾರು ಎಂದು.